ವಿದೇಶೀಯರ ವಿಸ್ಮಯದಲ್ಲಿ ನಮ್ಮ ನಿತ್ಯಾಚಾರಗಳು

೧

ಒಂದು ನಾಡಿನ ಚರಿತ್ರೆಯನ್ನು ಬರೆಯಲು ಹೊರಟವನಿಗೆ ರಾಜರ ವಂಶಾವಳಿ, ಯುದ್ಧಗಳ ಕಾಲ, ದಾನದತ್ತಿಗಳ ವಿವರ ಇವು ದೊರೆಯುವಷ್ಟು ಸುಲಭವಾಗಿ ಆ ನಾಡಿನ ಜನರು ನೀರನ್ನು ಹೇಗೆ ಕುಡಿಯುತ್ತಿದ್ದರು, ನೆಲವನ್ನು ಹೇಗೆ ಸಾರಿಸುತ್ತಿದ್ದರು, ಮಕ್ಕಳಿಗೆ ಮಗ್ಗಿಯನ್ನು ಹೇಗೆ ಬಾಯಿಪಾಠ ಮಾಡಿಸುತ್ತಿದ್ದರು ಎಂಬ ಸಂಗತಿಗಳು ದೊರೆಯುವುದಿಲ್ಲ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಶಾಸನವನ್ನು ಬರೆಯಿಸಿದವನು ತನ್ನ ದತ್ತಿಯು ಆಚಂದ್ರಾರ್ಕವಾಗಿ ನಡೆಯಲೆಂದು ಬರೆಯಿಸಿದನೇ ಹೊರತು, ತನ್ನ ಮನೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ನಡೆಯುವುದನ್ನು ಮುಂದಿನವರಿಗೆ ತಿಳಿಸಬೇಕೆಂದಲ್ಲ. ಎಲ್ಲರೂ ಬಲ್ಲ ಸಂಗತಿಯನ್ನು ಕಲ್ಲಿನಲ್ಲಿ ಕಂಡರಿಸುವ ಅಗತ್ಯವನ್ನು ಯಾರೂ ಕಾಣಲಿಲ್ಲ. ಹೀಗಾಗಿ, ಯಾವುದು ಅತ್ಯಂತ ಸಾಮಾನ್ಯವಾಗಿತ್ತೋ ಅದೇ ಇಂದು ನಮಗೆ ಅತ್ಯಂತ ದುರ್ಲಭವಾಗಿದೆ.

ನಮ್ಮ ಗ್ರಂಥಗಳಲ್ಲಿ ಇಂತಹ ವಿವರಗಳು ಇಲ್ಲವೇ ಇಲ್ಲವೆಂದು ಹೇಳಲಾಗದು. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ತಾಂಬೂಲೋಪಭೋಗಕ್ಕೆ ಒಂದು ಸ್ಥಾನವಿದೆ, ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಕ್ರಮದ ವಿಚಾರವಿದೆ. ಆದರೆ ಇಂತಹ ಗ್ರಂಥಗಳು ಬಹುಮಟ್ಟಿಗೆ ಹೇಗೆ ನಡೆಯಬೇಕು ಎಂಬುದನ್ನು ವಿಧಿಸುತ್ತವೆ. ಹೇಗೆ ನಡೆಯುತ್ತಿತ್ತು ಎಂಬುದನ್ನು ವಿರಳವಾಗಿ ಹೇಳುತ್ತವೆ. ಈ ಕೊರತೆಯನ್ನು ಒಂದಿಷ್ಟು ತುಂಬಿಕೊಡುವವನು ಹೊರಗಿನಿಂದ ಬಂದ ಪ್ರವಾಸಿ. ನಮಗೆ ಕಣ್ಣಿಗೆ ಬೀಳದ್ದು ಅವನಿಗೆ ಬೆರಗನ್ನು ಹುಟ್ಟಿಸುತ್ತದೆ. ಬೆರಗಾದುದನ್ನು ಅವನು ಬರೆದಿಡುತ್ತಾನೆ.

ಆದರೆ ಬೆರಗುಗೊಂಡವನ ಸಾಕ್ಷ್ಯವನ್ನು ಹೇಗೆ ಸ್ವೀಕರಿಸಬೇಕು? ಅವನು ಕಂಡದ್ದೆಷ್ಟು, ಕಂಡದ್ದಕ್ಕೆ ತಾನಾಗಿ ಕಟ್ಟಿದ ಕಾರಣವೆಷ್ಟು? ಅವನಿಗೆ ಕಾಣದೆ ಉಳಿದದ್ದು ಯಾವುದು? ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಅಲ್ಬೆರೂನಿ, ಅಬ್ದುರ್ ರಜಾಕ್ ಮತ್ತು ಪಿಯೆತ್ರೊ ದೆಲ್ಲಾ ವಾಲೆ ಎಂಬ ಮೂವರ ಬರಹಗಳಿಂದ ಕೆಲವು ನಿತ್ಯಾಚಾರಗಳನ್ನು ಆಯ್ದು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

೨

ಅಲ್ಬೆರೂನಿಯು ಕರ್ನಾಟಕಕ್ಕೆ ಬಂದವನಲ್ಲ. ಘಜ್ನಿಯ ಮಹಮೂದನ ಕಾಲದಲ್ಲಿ ಅವನು ನೋಡಿದ್ದು ಭಾರತದ ವಾಯವ್ಯ ಭಾಗವನ್ನು ಮಾತ್ರ. ಸುಮಾರು ಕ್ರಿ. ಶ. ೧೦೩೦ರಲ್ಲಿ ಅವನು ಅರಬ್ಬೀ ಭಾಷೆಯಲ್ಲಿ ರಚಿಸಿದ ಗ್ರಂಥದಲ್ಲಿ ಹಿಂದೂಗಳ ಲಿಪಿ, ಗಣಿತ ಮತ್ತು ವಿಚಿತ್ರಾಚಾರಗಳನ್ನು ಕುರಿತ ಒಂದು ಅಧ್ಯಾಯವಿದೆ. ಲಿಪಿಗಳನ್ನು ಎಣಿಸುವಾಗ ಅವನು ಕರ್ನಾಟದೇಶದ ಕರ್ನಾಟ ಲಿಪಿಯನ್ನು ಹೆಸರಿಸಿ, ಸೈನ್ಯಗಳಲ್ಲಿ ಕನ್ನರರೆಂದು ಪ್ರಸಿದ್ಧರಾದ ಯೋಧರು ಆ ದೇಶದವರೆಂದು ಹೇಳುತ್ತಾನೆ. ಕೇಳಿ ತಿಳಿದ ಮಾತಾದರೂ ಇದು ಕನ್ನಡಿಗರಿಗೆ ಆಸಕ್ತಿಯ ವಿಷಯವೇ ಸರಿ.

ಅದೇ ಅಧ್ಯಾಯದಲ್ಲಿ ಅವನಿಗೆ ವಿಚಿತ್ರವಾಗಿ ತೋರಿದ ನಡವಳಿಕೆಗಳ ಒಂದು ಪಟ್ಟಿಯಿದೆ. ಇಲ್ಲಿಯ ಜನ ಉಗುರನ್ನು ಉದ್ದವಾಗಿ ಬೆಳೆಯಿಸುತ್ತಾರೆ. ಗೋಮಯದಿಂದ ಸಾರಿಸಿದ ಸ್ಥಳದಲ್ಲಿ ಒಬ್ಬೊಬ್ಬರೇ ಕುಳಿತು ಉಣ್ಣುತ್ತಾರೆ. ಉಂಡು ಉಳಿದುದನ್ನು ಬಳಸುವುದಿಲ್ಲ, ಮಣ್ಣಿನ ಪಾತ್ರೆಯಾದರೆ ಎಸೆದುಬಿಡುತ್ತಾರೆ. ಅಡಕೆ, ಎಲೆ, ಸುಣ್ಣಗಳಿಂದ ಅವರ ಹಲ್ಲುಗಳು ಕೆಂಪಾಗಿವೆ. ಮನೆಯನ್ನು ಹೊಗುವಾಗ ಅನುಮತಿಯನ್ನು ಕೇಳುವುದಿಲ್ಲ, ಹೊರಡುವಾಗ ಕೇಳುತ್ತಾರೆ. ಕೊನೆಯ ಮಾತು ವಿಶೇಷವಾಗಿ ಗಮನಾರ್ಹ. ಕನ್ನಡ ನಾಡಿನಲ್ಲಿ ಇಂದಿಗೂ ಅತಿಥಿಯು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿಬರುತ್ತೇನೆ’ ಎನ್ನುತ್ತಾನೆ, ‘ಅಪ್ಪಣೆಯೇ?’ ಎಂದು ಕೇಳಿ ಏಳುವ ಹಿರಿಯರೂ ಇದ್ದರು. ಪಂಜಾಬದ ಕಡೆ ಅವನು ಕಂಡ ಆಚಾರಕ್ಕೂ ನಮ್ಮದಕ್ಕೂ ನೇರ ಸಂಬಂಧವನ್ನು ಕಲ್ಪಿಸುವುದು ಸರಿಯಲ್ಲ. ಆದರೆ ನಾವು ಮರೆತೇಬಿಟ್ಟ ಒಂದು ರೂಢಿಯನ್ನು ರೂಢಿಯೆಂದು ಗುರುತಿಸಲು ಹೊರಗಿನವನ ಕಣ್ಣು ಬೇಕಾಯಿತೆಂಬುದು ದಿಟ.

ಅಲ್ಬೆರೂನಿಯ ಹಿರಿಮೆ ಈ ಪಟ್ಟಿಯಲ್ಲಿಲ್ಲ. ಅದಕ್ಕೆ ಅವನು ಕೊಟ್ಟ ವಿವರಣೆಯಲ್ಲಿದೆ. ಒಂದು ವಸ್ತುವು ವಿಚಿತ್ರವೆನಿಸುವುದು ಅದು ನಮಗೆ ಅಪರೂಪವಾದುದರಿಂದ, ಅದನ್ನು ಕಾಣುವ ಸಂದರ್ಭ ನಮಗೆ ಆಗಾಗ ಒದಗದುದರಿಂದ, ಎಂಬುದು ಅವನ ಅಭಿಪ್ರಾಯದ ಸಾರ. ಇಸ್ಲಾಮಿಗೆ ಮುಂಚಿನ ಅರಬರಲ್ಲಿಯೂ ವಿಪರೀತವಾದ ಆಚಾರಗಳಿದ್ದವೆಂದು ಹೇಳಲು ಅವನು ಹಿಂಜರಿಯುವುದಿಲ್ಲ. ವಿಸ್ಮಯವು ನೋಡಿದ ವಸ್ತುವಿನ ಗುಣವಲ್ಲ, ನೋಡುವವನಿಗೂ ವಸ್ತುವಿಗೂ ಇರುವ ಅಂತರದ ಗುಣ. ಅಲ್ಬೆರೂನಿಯ ಮಾತಿನಿಂದ ಈ ನಿರ್ಣಯಕ್ಕೆ ನಾವು ಬರಬಹುದು. ಆದ್ದರಿಂದ ಪ್ರವಾಸಿಯ ಪ್ರತಿಯೊಂದು ಬೆರಗಿನಲ್ಲಿಯೂ ಎರಡು ನಾಡುಗಳ ಚರಿತ್ರೆ ಅಡಗಿರುತ್ತದೆ.

೩

ನಾಲ್ಕು ಶತಮಾನಗಳ ತರುವಾಯ, ಕ್ರಿ. ಶ. ೧೪೪೩ರಲ್ಲಿ, ತೈಮೂರನ ಮಗನಾದ ಶಾಹರುಖನ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ವಿಜಯನಗರಕ್ಕೆ ಬಂದನು. ಆಗ ಆಳುತ್ತಿದ್ದವನು ಎರಡನೆಯ ದೇವರಾಯ. ಏಳು ಸುತ್ತಿನ ಕೋಟೆಯನ್ನು ಕುರಿತ ಅವನ ವರ್ಣನೆಯನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅವನು ವೀಳ್ಯದೆಲೆಯನ್ನು ಕುರಿತು ಬರೆದುದನ್ನು ಅಷ್ಟು ಗಮನದಿಂದ ಓದಿದವರು ಕಡಿಮೆ.

ಎಲೆಯು ಕಿತ್ತಳೆಯ ಎಲೆಯಂತಿದ್ದು ಅದಕ್ಕಿಂತ ನೀಳವಾಗಿರುವುದು, ಅಡಕೆಯ ಹೋಳನ್ನು ಬಾಯಿಗೆ ಹಾಕಿಕೊಳ್ಳುವುದು, ಎಲೆಗೆ ಸುಣ್ಣವನ್ನು ಸವರಿ ಮಡಿಸುವುದು, ಕೆಲವೊಮ್ಮೆ ಕರ್ಪೂರವನ್ನು ಬೆರೆಸುವುದು, ಕೆಂಪಾದ ಉಗುಳನ್ನು ಆಗಾಗ ಉಗುಳುವುದು, ಹೀಗೆ ಕ್ರಮವೆಲ್ಲವೂ ಅವನಲ್ಲಿ ಯಥಾವತ್ತಾಗಿದೆ. ಅನಂತರ ಅವನು ಗುಣಗಳನ್ನು ಹೇಳುತ್ತಾನೆ. ಇದರಿಂದ ಮುಖಕ್ಕೆ ಕಾಂತಿ ಬರುತ್ತದೆ, ಮದ್ಯದಂತಹ ಅಮಲುಂಟಾಗುತ್ತದೆ, ಹಸಿದವನ ಹಸಿವು ಅಡಗುತ್ತದೆ, ಉಂಡವನಿಗೆ ಹಸಿವು ಹುಟ್ಟುತ್ತದೆ, ಹಲ್ಲು ಗಟ್ಟಿಯಾಗುತ್ತದೆ. ಅಂತಃಪುರದಲ್ಲಿ ನೂರಾರು ಸ್ತ್ರೀಯರಿರುವ ಅರಸನ ಪೌರುಷಕ್ಕೂ ಈ ಎಲೆಯೇ ಕಾರಣವಿರಬಹುದೆಂದು ಊಹಿಸುವುದನ್ನೂ ಅವನು ಬಿಡುವುದಿಲ್ಲ.

ಇಲ್ಲಿ ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂಬುದನ್ನು ಓದುಗನು ತಾನೇ ತಿಳಿಯಬಲ್ಲನು. ರಜಾಕನಿಗೆ ವೀಳ್ಯವು ಮುಖ್ಯವಾಗಿ ಒಂದು ಔಷಧಿ. ಆದರೆ ಅವನೇ ಬರೆದಿಟ್ಟ ಇನ್ನೊಂದು ಸಂಗತಿಯು ಬೇರೊಂದು ಅರ್ಥವನ್ನು ಸೂಚಿಸುತ್ತದೆ. ವಾರಕ್ಕೆ ಎರಡು ಬಾರಿ ಅರಸನು ಅವನನ್ನು ಕರೆಯಿಸುತ್ತಿದ್ದನು. ಪ್ರತಿಸಲವೂ ಅವನಿಗೆ ಎರಡು ಕಟ್ಟು ವೀಳ್ಯದೆಲೆ, ೫೦೦ ಹಣಗಳ ಒಂದು ಚೀಲ ಮತ್ತು ಕರ್ಪೂರ ಸಲ್ಲುತ್ತಿದ್ದವು. ಹಣದೊಡನೆ ಎಲೆಯನ್ನು ಸೇರಿಸಿ ಕೊಟ್ಟುದರ ಅರ್ಥವೇನು? ಕನ್ನಡ ನಾಡಿನಲ್ಲಿ ವೀಳ್ಯವು ಬಾಯಿಗೆ ಹಾಕುವ ವಸ್ತು ಮಾತ್ರವಲ್ಲ. ಅದು ಒಂದು ಮಾತು. ಅತಿಥಿಗೆ ವೀಳ್ಯವನ್ನು ಕೊಟ್ಟರೆ ಮನ್ನಣೆ ಸಂದಿತೆಂದೂ ಬೀಳ್ಕೊಡುಗೆಯಾಯಿತೆಂದೂ ಅರ್ಥ. ದಂಡನಾಯಕನು ರಣವೀಳ್ಯವನ್ನು ಹಿಡಿದರೆ ಯುದ್ಧದ ಹೊಣೆಯನ್ನು ಹೊತ್ತನೆಂದು ಅರ್ಥ. ಮದುವೆಯಲ್ಲಿ ವೀಳ್ಯವು ಬದಲಾದರೆ ಮಾತು ನಿಶ್ಚಯವಾಯಿತೆಂದು ಅರ್ಥ. ಹಡಪವನ್ನು ಹಿಡಿಯುವುದು ಊಳಿಗವಾಗಿದ್ದಿತೆಂಬುದನ್ನು ಹಡಪದ ಅಪ್ಪಣ್ಣನೆಂಬ ಶರಣನ ಹೆಸರೇ ಸಾರುತ್ತದೆ. ಅರಮನೆಯಲ್ಲಿ ಪರದೇಶದ ರಾಯಭಾರಿಗೆ ಸಂದ ಈ ಮನ್ನಣೆಯನ್ನು ರಜಾಕನು ಲೆಕ್ಕದ ಸಮೇತ ಬರೆದಿಟ್ಟನು. ಆದರೆ ಎಲೆಯ ಗುಣವನ್ನು ವಿವರಿಸುವಾಗ ಅದರ ದೇಹಗುಣವನ್ನಷ್ಟೇ ಹೇಳಿದನು. ಅವನ ವಿವರಣೆ ಅಪೂರ್ಣವಾದರೂ ಅವನ ಲೆಕ್ಕವು ನಮಗೆ ಅಮೂಲ್ಯವಾದುದು.

೪

ರಜಾಕನನ್ನು ಬೆರಗುಗೊಳಿಸಿದ ಇನ್ನೊಂದು ವಿಷಯ ಬರವಣಿಗೆ. ಕಾಗದ ಮತ್ತು ಮಸಿಗಳ ನಾಡಿನಿಂದ ಬಂದ ಅವನು ವಿಜಯನಗರದಲ್ಲಿ ಎರಡು ಬಗೆಯ ಬರವಣಿಗೆಯನ್ನು ಕಂಡನು. ಒಂದು, ಕಬ್ಬಿಣದ ಕಂಠದಿಂದ ಗರಿಯ ಮೇಲೆ ಗೀರಿದುದು. ಇದಕ್ಕೆ ಬಣ್ಣವಿಲ್ಲ, ಇದು ಬಹುಕಾಲ ಬಾಳುವುದಿಲ್ಲ ಎಂದು ಅವನ ಅಭಿಪ್ರಾಯ. ಇನ್ನೊಂದು, ಬಿಳಿಯ ಹಾಳೆಯನ್ನು ಕಪ್ಪುಮಾಡಿ, ಲೇಖನಿಯಂತೆ ಕೊಯ್ದ ಮೆದುಗಲ್ಲಿನಿಂದ ಬರೆದುದು. ಕಪ್ಪಿನ ಮೇಲೆ ಬಿಳಿಯ ಅಕ್ಷರಗಳು ಮೂಡುವ ಈ ಬರಹ ಬಾಳಿಕೆ ಬರುವುದೆಂದೂ ಜನರು ಇದನ್ನು ಬಹಳ ಮನ್ನಿಸುವರೆಂದೂ ಅವನು ಹೇಳುತ್ತಾನೆ.

ಎರಡನೆಯದು ನಮ್ಮ ಕಡತವಲ್ಲದೆ ಬೇರೆಯಲ್ಲ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಅದರ ಮೇಲೆ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟಿಸಿದ ತನ್ನ ಚರಿತ್ರೆಯಲ್ಲಿಯೂ ಇದನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಸಂಶೋಧಕರಿಗೆ ಮುಖ್ಯವಾದ ಆಕರಗಳಾಗಿವೆ. ಬಟ್ಟೆಯ ಕಡತವು ಬಳಕೆಯಿಂದ ಮರೆಯಾದರೂ ಆ ಹೆಸರು ಕಚೇರಿಯ ಕಾಗದದ ಕಟ್ಟಿಗೆ ಅಂಟಿಕೊಂಡು ಉಳಿದಿದೆ. ಬಳಪದಿಂದ ಬರೆದ ಅಕ್ಷರವನ್ನು ಒರಸಿಬಿಡಬಹುದೆಂಬ ಕಾರಣದಿಂದ ಅದು ಅಲ್ಪಾಯುವೆಂದು ನಾವು ಎಣಿಸಬಹುದಾಗಿತ್ತು. ಹಾಗಲ್ಲವೆಂಬುದಕ್ಕೆ ಉಳಿದುಬಂದ ಕಡತಗಳೂ ಹೊರನಾಡಿನ ಈ ಸಾಕ್ಷಿಯೂ ಪ್ರಮಾಣ.

ಬಳಪಕ್ಕೆ ಮುಂಚಿನ ಮೆಟ್ಟಿಲು ಮರಳು. ಕ್ರಿ. ಶ. ೧೬೨೩ರಲ್ಲಿ ರೋಮಿನ ಕುಲೀನನಾದ ಪಿಯೆತ್ರೊ ದೆಲ್ಲಾ ವಾಲೆಯು ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನು ಹತ್ತಿ ಕೆಳದಿಯ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಹೋದನು. ದಾರಿಯಲ್ಲಿ ಒಂದು ದೇವಾಲಯದ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದನು. ಒಬ್ಬನು ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನಯವಾದ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲವೆಲ್ಲ ತುಂಬಿದಾಗ ಕೈಯಿಂದ ಅಳಿಸಿ, ಬೇಕಾದರೆ ಪಕ್ಕದ ಗುಪ್ಪೆಯಿಂದ ಹೊಸ ಮರಳನ್ನು ಹರಡುವರು. ಕಾಗದವು ವ್ಯರ್ಥವಾಗದಂತೆ ಇದೊಂದು ಉಪಾಯವೆಂದು ಅವನು ತಿಳಿದನು. ರಾಗದಿಂದ ಪಾಠವು ನೆನಪಿನಲ್ಲಿ ಬೇರೂರುವುದೆಂಬುದನ್ನೂ ಗುರುತಿಸಿದನು.

ಅಷ್ಟಕ್ಕೆ ನಿಲ್ಲದೆ ಅವನು ಹುಡುಗರನ್ನೇ ಕೇಳಿದನು: ನೀವು ಮರೆತರೆ ತಿದ್ದುವವರು ಯಾರು? ಗುರುವಿನ ನೆರವಿಲ್ಲದೆ ನಾವೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೇವೆ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಎಂಬರ್ಥದ ಉತ್ತರ ಬಂದಿತು. ನನ್ನ ಅಭಿಪ್ರಾಯದಲ್ಲಿ ಪ್ರವಾಸಕಥನಗಳಲ್ಲೆಲ್ಲ ಇದು ಒಂದು ಶ್ರೇಷ್ಠವಾದ ಘಳಿಗೆ. ವಿಚಿತ್ರವೆಂದು ಬರೆದುಕೊಂಡು ಮುಂದೆ ಸಾಗಬಹುದಾಗಿದ್ದವನು ನಿಂತು, ಆಚರಿಸುವವರನ್ನೇ ಕೇಳಿ, ಕಾರಣವನ್ನು ತಿಳಿದನು. ಮಲೆನಾಡಿನ ಈ ನಾಲ್ವರು ಹುಡುಗರ ಹೆಸರನ್ನು ನಮ್ಮ ಯಾವ ದಾಖಲೆಯೂ ಉಳಿಸಿಲ್ಲ. ಅವರ ಉತ್ತರವನ್ನು ಇಟಲಿಯವನೊಬ್ಬನ ಕಾಗದವು ಉಳಿಸಿತು. ಮುಂದೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮದರಾಸಿನಲ್ಲಿ ಇದೇ ಬಗೆಯ ಮರಳಿನ ಬರಹವನ್ನು ಕಂಡು ತನ್ನ ಅನಾಥಾಲಯದ ಶಾಲೆಯಲ್ಲಿ ಬಳಕೆಗೆ ತಂದನು. ಮಕ್ಕಳಿಂದ ಮಕ್ಕಳಿಗೆ ಕಲಿಸುವ ಅವನ ವಿಧಾನವು ೧೭೯೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ವರದಿಯಿಂದ ಇಂಗ್ಲೆಂಡಿನಲ್ಲಿ ಹರಡಿತು. ಒಬ್ಬನ ವಿಸ್ಮಯವು ಇನ್ನೊಂದು ದೇಶದ ಪದ್ಧತಿಯಾಗಬಹುದೆಂಬುದಕ್ಕೆ ಇದು ನಿದರ್ಶನ.

೫

ದೆಲ್ಲಾ ವಾಲೆಯ ಪ್ರಾಮಾಣಿಕತೆಗೆ ಇನ್ನೊಂದು ನಿದರ್ಶನವನ್ನು ಕೊಡಬಹುದು. ನೆಲವನ್ನು ಸಗಣಿಯಿಂದ ಸಾರಿಸುವುದನ್ನು ಕಂಡಾಗ ಅವನು ಮೊದಲು ಅದನ್ನು ಒಂದು ಮತಾಚಾರವೆಂದು, ಮೂಢನಂಬಿಕೆಯೆಂದು ಎಣಿಸಿದ್ದನು. ಇಕ್ಕೇರಿಯ ದಾರಿಯಲ್ಲಿ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ತನ್ನ ಮಾತನ್ನು ತಾನೇ ತಿದ್ದಿಕೊಂಡನು. ಮಣ್ಣಿನ ನೆಲ ಬೇಗನೆ ಕೆಡುತ್ತದೆ; ಸಗಣಿಯನ್ನು ನೀರಿನಲ್ಲಿ ಕದಡಿ ಬಳಿದರೆ ನುಣುಪಾಗಿ ಗಟ್ಟಿಯಾಗುತ್ತದೆ; ಒಣಗಿದ ಮೇಲೆ ಹಸುರು ಛಾಯೆಯಿಂದ ಚೆಲುವಾಗಿ ಕಾಣುತ್ತದೆ; ಕೆಲವು ದಿನಗಳಿಗೊಮ್ಮೆ ಮತ್ತೆ ಬಳಿಯಬೇಕು; ಗೋವೆಯ ಪೋರ್ಚುಗೀಸರೂ ತಮ್ಮ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ಇದು ನೈರ್ಮಲ್ಯಕ್ಕೂ ಅಂದಕ್ಕೂ ಮಾಡುವ ಕೆಲಸವೆಂದು ಅವನು ತೀರ್ಮಾನಿಸಿದನು. ಹೀಗೆ ಸಾರಿಸಿದ ಮನೆಗೆ ಪ್ಲೇಗು ತಗಲುವುದಿಲ್ಲವೆಂದು ಯಾರೋ ಹೇಳಿದುದನ್ನು ಕೇಳಿ, ಇಟಲಿಗೆ ಹಿಂದಿರುಗಿದ ಮೇಲೆ ತಾನೂ ಪ್ರಯೋಗಿಸಿ ನೋಡಬೇಕೆಂದು ಬರೆದನು.

ಆದರೆ ಅವನ ಎರಡನೆಯ ತೀರ್ಮಾನವೂ ಪೂರ್ಣ ಸತ್ಯವಲ್ಲ. ಅಲ್ಬೆರೂನಿಯು ಕಂಡ, ಗೋಮಯದಿಂದ ಸಾರಿಸಿದ ಭೋಜನಸ್ಥಳವು ನೈರ್ಮಲ್ಯದ ಜೊತೆಗೆ ಶುದ್ಧಿಯ ಪ್ರಶ್ನೆಯೂ ಆಗಿತ್ತು. ನಮ್ಮ ಮನೆಗಳಲ್ಲಿ ಊಟವಾದ ಮೇಲೆ ಎಂಜಲು ಬಳಿದು ಗೋಮಯವನ್ನು ಹಚ್ಚುತ್ತಿದ್ದುದು ಅಂದಕ್ಕಾಗಿ ಮಾತ್ರವಲ್ಲವೆಂಬುದನ್ನು ಹಿರಿಯರು ಬಲ್ಲರು. ಉಪಯೋಗ ಮತ್ತು ಶುದ್ಧಿ ಇವೆರಡೂ ಒಂದೇ ಬಳಿಕೆಯಲ್ಲಿ ಬೆರೆತಿದ್ದವು. ಮೊದಲು ಉಪಯೋಗವನ್ನು ಕಾಣದೆ ಬರಿಯ ಮತವನ್ನು ಕಂಡವನು, ಅನಂತರ ಮತವನ್ನು ಬಿಟ್ಟು ಬರಿಯ ಉಪಯೋಗವನ್ನು ಕಂಡನು.

೬

ಈ ಬೆರಕೆಯ ನಿಜವಾದ ಭಾರವು ತಿಳಿಯುವುದು ನೀರಿನ ವಿಷಯದಲ್ಲಿ. ಭಾರತಕ್ಕೆ ಬಂದ ಮೊದಲ ದಿನಗಳಲ್ಲಿಯೇ ದೆಲ್ಲಾ ವಾಲೆಯು ಇಲ್ಲಿಯ ಜನರು ಪಾತ್ರೆಯನ್ನು ತುಟಿಗೆ ಸೋಕಿಸದೆ, ಮೇಲಕ್ಕೆತ್ತಿ ಬಾಯಿಗೆ ನೀರನ್ನು ಸುರಿದುಕೊಳ್ಳುವುದನ್ನು ಕಂಡು ಬೆರಗಾದನು. ಒಬ್ಬರ ಬಾಯಿ ಮುಟ್ಟಿದ ಪಾತ್ರೆಯನ್ನು ಇನ್ನೊಬ್ಬರು ಮುಟ್ಟದಿರುವುದೇ ಇದಕ್ಕೆ ಕಾರಣವೆಂದು ತಿಳಿದು ಮೆಚ್ಚಿದನು, ತಾನೂ ಕಲಿತನು. ಯೂರೋಪಿನವರು ಕೂಟದಲ್ಲಿ ಹೀಗೆ ಕುಡಿಯಲು ಹೋಗಿ ಮೈಯೆಲ್ಲ ತೋಯಿಸಿಕೊಂಡು, ಕೆಮ್ಮಿ, ನಗೆಗೆ ಗುರಿಯಾಗುವುದನ್ನು ವಿನೋದದಿಂದ ಬರೆದನು. ‘ಎತ್ತಿ ಕುಡಿ’ ಎಂದು ತಾಯಿಯಿಂದ ಗದರಿಸಿಕೊಂಡು ಬೆಳೆದ ನಮಗೆ ಈ ಪ್ರಸಂಗವು ಹಿತವಾಗುವುದು ಸಹಜ.

ತರಗತಿಯಲ್ಲಿ ಈ ಭಾಗವನ್ನು ನಾನು ವಿವರಿಸಿದಾಗ ವಿದ್ಯಾರ್ಥಿಗಳು ನಕ್ಕು ನಲಿದರು; ನಮ್ಮ ಹಿರಿಯರ ಶುಚಿತ್ವವನ್ನು ಪಾಶ್ಚಾತ್ಯನೂ ಒಪ್ಪಿದನೆಂದು ಹಲವರಿಗೆ ಅಭಿಮಾನವೆನಿಸಿತು. ಆಗ ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿಯು ಎದ್ದು, “ಸಾರ್, ನಮ್ಮ ಅಜ್ಜನಿಗೂ ಊರಿನಲ್ಲಿ ನೀರನ್ನು ಮೇಲಿನಿಂದಲೇ ಹೊಯ್ಯುತ್ತಿದ್ದರು. ಅವರು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಚೊಂಬು ಮಾತ್ರ ಎಂದೂ ಅವರ ಕೈಗೆ ಬರಲಿಲ್ಲ” ಎಂದು ಹೇಳಿ ಕುಳಿತನು. ತರಗತಿಯು ಮೌನವಾಯಿತು. ನಾನು ಪಾಠವನ್ನು ಸಿದ್ಧಪಡಿಸುವಾಗ ಆ ಮಾತು ನನ್ನ ಟಿಪ್ಪಣಿಯಲ್ಲಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆ ವಿದ್ಯಾರ್ಥಿಯ ಮಾತಿಗೆ ಲಿಖಿತ ಸಾಕ್ಷ್ಯವೂ ಉಂಟು. ಡಾ. ಅಂಬೇಡ್ಕರರು ತಮ್ಮ ಆತ್ಮಕಥನದ ಬರಹಗಳಲ್ಲಿ, ಶಾಲೆಯಲ್ಲಿ ತಾವು ನಲ್ಲಿಯನ್ನು ಮುಟ್ಟುವಂತಿರಲಿಲ್ಲವೆಂದೂ ಜವಾನನು ಬಂದು ತಿರುಗಿಸಿದರೆ ಮಾತ್ರ ನೀರು, ಅವನಿಲ್ಲದಿದ್ದರೆ ನೀರಿಲ್ಲವೆಂದೂ ಬರೆದಿದ್ದಾರೆ. ೧೯೨೭ರ ಮಾರ್ಚ್ ೨೦ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಅವರೂ ಅವರ ಸಂಗಡಿಗರೂ ಕುಡಿದುದು ಚರಿತ್ರೆಯ ಘಟನೆಯಾಯಿತು. ನೀರು ಕುಡಿಯುವುದು ಸತ್ಯಾಗ್ರಹವಾಗಬೇಕಾದರೆ, ಕುಡಿಯುವ ರೀತಿಯ ಹಿಂದೆ ಎಂತಹ ವ್ಯವಸ್ಥೆಯಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೧೯೫೫ರ ಅಧಿನಿಯಮವು ಅದರ ಆಚರಣೆಗೆ ಶಿಕ್ಷೆಯನ್ನು ಗೊತ್ತುಮಾಡಿತು.

ಹಾಗಾದರೆ ದೆಲ್ಲಾ ವಾಲೆಯು ಬರೆದುದು ಸುಳ್ಳೇ? ಅಲ್ಲ. ಒಂದೇ ಕ್ರಿಯೆಯಲ್ಲಿ ಎರಡು ಅರ್ಥಗಳಿದ್ದವು. ತನ್ನ ಚೊಂಬನ್ನು ತಾನೇ ಎತ್ತಿ ಕುಡಿಯುವವನಿಗೆ ಅದು ಮಡಿ ಮತ್ತು ಶುಚಿ. ಇನ್ನೊಬ್ಬರು ಎತ್ತಿ ಹೊಯ್ದುದಕ್ಕೆ ಬೊಗಸೆಯೊಡ್ಡುವವನಿಗೆ ಅದು ಅವಮಾನ. ಜಾತಿಗಳು ಪರಸ್ಪರ ಕೂಡಿ ಉಣ್ಣುವುದಿಲ್ಲವೆಂಬುದನ್ನು ದೆಲ್ಲಾ ವಾಲೆಯು ಅರಿಯದವನಲ್ಲ. ಆದರೆ ಕೂಟದ ವಿನೋದದಲ್ಲಿ ಅವನಿಗೆ ಮೊದಲನೆಯ ಅರ್ಥವೇ ಮುಂದಾಯಿತು. ಅಲ್ಬೆರೂನಿಯಾದರೋ ಎರಡನೆಯದನ್ನು ತನ್ನ ಮೈಮೇಲೆಯೇ ಅನುಭವಿಸಿದ್ದನು. ಹಿಂದೂಗಳು ಪರಕೀಯರನ್ನು ಮ್ಲೇಚ್ಛರೆಂದು ಕರೆದು, ಅವರೊಡನೆ ಕೂಡುವುದನ್ನೂ ಉಣ್ಣುವುದನ್ನೂ ಕುಡಿಯುವುದನ್ನೂ ಅಶುದ್ಧವೆಂದು ಬಗೆಯುತ್ತಾರೆಂದು ಅವನು ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಹೇಳಿ, ಈ ಜನರನ್ನು ಅರಿಯಲು ಇದೇ ದೊಡ್ಡ ತಡೆಯೆಂದು ಸೂಚಿಸಿದನು. ಹೊರಗಿಡಲ್ಪಟ್ಟವನಿಗೆ ಬಾಗಿಲು ಕಾಣುವಷ್ಟು ಸ್ಪಷ್ಟವಾಗಿ ಒಳಗೆ ಕುಳಿತವನಿಗೆ ಕಾಣುವುದಿಲ್ಲ.

೭

ಈ ಪರಿಶೀಲನೆಯಿಂದ ಹೊರಡುವ ಅಂಶಗಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮೊದಲನೆಯದಾಗಿ, ನಿತ್ಯಜೀವನದ ಚರಿತ್ರೆಗೆ ವಿದೇಶೀಯರ ವಿಸ್ಮಯವು ಅನಿವಾರ್ಯವಾದ ಆಕರ. ಕಡತದ ಕಪ್ಪು, ಮರಳಿನ ಮೇಲಿನ ಅಂಕಿ, ಸಾರಿಸಿದ ನೆಲದ ಹಸುರು ಇವು ಅವರ ಬೆರಗಿನಿಂದಲೇ ಇಷ್ಟು ಸ್ಫುಟವಾಗಿ ಉಳಿದವು. ಎರಡನೆಯದಾಗಿ, ಅವರ ದರ್ಶನವನ್ನು ಅವರ ವ್ಯಾಖ್ಯಾನದಿಂದ ಬೇರ್ಪಡಿಸಬೇಕು. ರಜಾಕನ ಲೆಕ್ಕವನ್ನು ನಂಬಬಹುದಾದರೂ ಅವನ ವೈದ್ಯವನ್ನು ನಂಬಬೇಕಾಗಿಲ್ಲ. ಮೂರನೆಯದಾಗಿ, ಮತ್ತು ಇದೇ ಮುಖ್ಯವಾದುದು, ಪ್ರವಾಸಿಯು ಯಾರ ಮನೆಯ ಜಗಲಿಯಲ್ಲಿ ಕುಳಿತು ನೋಡಿದನೆಂಬುದನ್ನು ವಿಚಾರಿಸಬೇಕು. ಅರಮನೆಯ ಅತಿಥಿಗೂ ದೇವಾಲಯದ ಮೊಗಸಾಲೆಯಲ್ಲಿ ತಂಗಿದವನಿಗೂ ಊರ ಹೊರಗಿನ ಕೇರಿಯಿಂದ ಈ ಆಚಾರಗಳು ಹೇಗೆ ಕಾಣುತ್ತಿದ್ದವೆಂಬುದು ತಿಳಿಯಲು ಅವಕಾಶವಿರಲಿಲ್ಲ.

ವಿದೇಶೀಯರ ಮೆಚ್ಚುಗೆಯನ್ನು ಪ್ರಶಸ್ತಿಪತ್ರದಂತೆ ಓದುವ ಅಭ್ಯಾಸ ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಅವರ ನಿಂದೆಯನ್ನು ಅಜ್ಞಾನವೆಂದು ತಳ್ಳುವುದೂ ಅದರ ಜೊತೆಗೇ ಬಂದಿದೆ. ಇವೆರಡೂ ಚರಿತ್ರಕಾರನಿಗೆ ತಕ್ಕುದಲ್ಲ. ಘಟ್ಟದ ಮೇಲಿನ ಆ ನಾಲ್ವರು ಹುಡುಗರು ಹೇಳಿದಂತೆ, ನಾಲ್ವರೂ ಒಂದೇ ಕಡೆ ತಪ್ಪುವುದಿಲ್ಲ. ನಮ್ಮ ಶಾಸನ, ನಮ್ಮ ಗ್ರಂಥ, ಹೊರಗಿನವನ ಕಥನ, ಮತ್ತು ಬೊಗಸೆಯೊಡ್ಡಿ ನಿಂತವನ ನೆನಪು ಈ ನಾಲ್ಕನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದಾಗ ಮಾತ್ರ ನಮ್ಮ ಪಾಠವು ತಿದ್ದಲ್ಪಡುತ್ತದೆ. ಮೊದಲ ಮೂರು ಗ್ರಂಥಾಲಯದಲ್ಲಿವೆ. ನಾಲ್ಕನೆಯದು ಇನ್ನೂ ಮನೆಗಳಲ್ಲಿ, ವೃದ್ಧರ ಬಾಯಲ್ಲಿ ಇದೆ. ಅದನ್ನು ಕೇಳಿ ಬರೆದುಕೊಳ್ಳಲು ಈ ವಿದ್ಯಾರ್ಥಿಗಳಿಗಿಂತ ತಕ್ಕವರು ಬೇರೆ ಯಾರೂ ಇಲ್ಲ. ಅದಕ್ಕೆ ಉಳಿದಿರುವ ಕಾಲವೂ ಹೆಚ್ಚಿಲ್ಲ.